ಎಂಟು ತಾಸಿನ ಬೀಫು

ನಮ್ಮ ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ ಒಂದು ಕಪ್ಪು ಪಿಂಗಾಣಿ ಪಾತ್ರೆ ಇದೆ. ಮೊಟ್ಟೆಯ ಆಕಾರ, ಎರಡು ಬದಿಗೆ ಎರಡು ಕಿವಿ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಈಗ ಅದರಲ್ಲಿ ಹುಣಸೆಹಣ್ಣು ತುಂಬಿಡುತ್ತೇವೆ. ಮೊನ್ನೆ ಹುಣಸೆಹಣ್ಣು ಮುಗಿದಿತ್ತು ಅಂತ ನನ್ನ ಹೆಂಡತಿ ಫಿಲೋಮಿನಾ ಅದನ್ನು ತೊಳೆದು ಅಂಗಳದ ಬಿಸಿಲಿಗೆ ಕವುಚಿ ಹಾಕಿದ್ದಳು. ಗ್ಯಾಸ್ ಸಿಲಿಂಡರ್ ತಂದವನು ಅದನ್ನು ನೋಡಿ, "ಇದೆಂತ ಅಮ್ಮಾ, ಹೂವಿನ ಕುಂಡವಾ?" ಎಂದು ಕೇಳಿದ.

"ಅಲ್ಲ, ಕುಕ್ಕರು" ಎಂದಳು ಅವಳು.

ಅವನು ಅವಳನ್ನು ಬಿಟ್ಟು ನನ್ನ ಮುಖ ನೋಡಿದ. ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಗಂಡಸರು ಗಂಡಸರನ್ನು ಕೇಳುವ ನೋಟ ಅದು. ನಾನು ತಲೆಯಾಡಿಸಿದೆ. ಅವನಿಗೆ ಇನ್ನೂ ಹತ್ತು ಮನೆಗೆ ಸಿಲಿಂಡರ್ ಮುಟ್ಟಿಸುವುದಿತ್ತು. ನಿಮಗೆ ಬಿಡುವಿರಬಹುದು ಎಂದುಕೊಂಡು ನಿಮಗೆ ಹೇಳುತ್ತೇನೆ. ನಾನು ಟೈಪ್ ಮಾಡುವುದು ಎರಡೇ ಬೆರಳಿನಲ್ಲಿ, ಒತ್ತಕ್ಷರ ಬಂದರೆ ಸ್ವಲ್ಪ ನಿಂತು ಉಸಿರು ತೆಗೆದುಕೊಳ್ಳಬೇಕು. ಆದರೆ ಹೇಳಹೊರಟ ಕುಕ್ಕರೂ ನಿಧಾನದ್ದೇ. ಇಬ್ಬರಿಗೂ ಹೊಂದಿಕೊಳ್ಳುತ್ತದೆ.

ಅದಕ್ಕೆ ಸ್ಲೋ ಕುಕ್ಕರ್ ಎನ್ನುತ್ತಾರೆ. ಈ ಪಿಂಗಾಣಿ ಪಾತ್ರೆಯ ಹೊರಗೆ ಒಂದು ಕರೆಂಟಿನ ಕವಚ ಇತ್ತು, ಮೇಲೆ ಗಾಜಿನ ಮುಚ್ಚಳ. ಮಾಂಸ, ಮಸಾಲೆ ಎಲ್ಲ ತುಂಬಿ, ಸ್ವಿಚ್ ಹಾಕಿ, ಮರೆತುಬಿಡಬೇಕು. ಎಂಟು ತಾಸಿಗೆ ತಾನಾಗಿಯೇ ಬೇಯುತ್ತದೆ. ಎಂಟು ತಾಸೆಂದರೆ ಹೊನ್ನಾವರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಮುಕ್ಕಾಲು ದಾರಿ ಆಗುತ್ತದೆ. ನಮ್ಮ ಅಮ್ಮ ಇದೇ ಕೆಲಸವನ್ನು ಕರೆಂಟಿಲ್ಲದೆ ಮಾಡುತ್ತಿದ್ದಳು. ಹಬ್ಬದ ದಿನ ಬೆಳಗಿನ ಪೂಜೆಗೆ ಇಗರ್ಜಿಗೆ ಹೊರಡುವ ಮೊದಲು ಮಣ್ಣಿನ ಗಡಿಗೆಯಲ್ಲಿ ಬೀಫು ತುಂಬಿ, ಒಲೆಯ ಬೆಂಕಿ ಎಳೆದು ಬರೀ ಕೆಂಡ ಬಿಟ್ಟು, ಮುಚ್ಚಳದ ಮೇಲೂ ನಾಲ್ಕು ತೆಂಗಿನ ಕರಟದ ಕೆಂಡ ಇಟ್ಟು ಹೋಗುವುದು. ವಾಪಸು ಬರುವಾಗ ಗಲ್ಲಿಯ ತಿರುವಿನಲ್ಲೇ ವಾಸನೆ ಎದುರುಗೊಳ್ಳುತ್ತಿತ್ತು. ಪಾದ್ರಿಗಳ ಪ್ರಸಂಗ, ಎಂದರೆ ಪ್ರವಚನ, ಉದ್ದವಾದಷ್ಟೂ ಮಾಂಸ ಮೆತ್ತಗಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಪ್ರಸಂಗಕ್ಕೆ ಅಂಥದೊಂದು ಉಪಯೋಗ ಇದೆಯೆಂದು ಪಾದ್ರಿಗಳಿಗೆ ಯಾರೂ ಹೇಳಿರಲಿಲ್ಲ.

ಕುಕ್ಕರ್ ಬಂದದ್ದು ಕುವೈತಿನಿಂದ, ನನ್ನ ಅಕ್ಕ ಕಾರ್ಮಿನ್ ಜೊತೆ. ಅಕ್ಕ ಅಲ್ಲಿ ಒಂದು ಮನೆಯಲ್ಲಿ ಹದಿನಾಲ್ಕು ವರ್ಷ ಅಡುಗೆ ಮಾಡಿದಳು, ಮಕ್ಕಳನ್ನು ನೋಡಿಕೊಂಡಳು. ಮದುವೆಯ ವಯಸ್ಸೂ ಅಲ್ಲೇ ಕಳೆಯಿತು. ಅದನ್ನು ಯಾರಾದರೂ ಎತ್ತಿದರೆ ಅವಳು, "ಆ ಮನೆ ಮಕ್ಕಳ ಮೊದಲನೇ ಹಲ್ಲು ನೋಡಿದ್ದೇ ನಾನು. ನಂಗೆ ಹೆರುವ ಕಷ್ಟ ಇಲ್ಲದೆ ಮಕ್ಕಳು ಸಿಕ್ಕಿದ್ರು" ಎಂದು ನಕ್ಕುಬಿಡುವಳು.

ಇಲ್ಲಿ ನನ್ನ ಓದಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಬ್ಬ ಗಂಡಸು ಬೀಫಿಗಾಗಿ ಯಾಕೆ ಇಷ್ಟು ಒದ್ದಾಡಿದ ಎಂಬುದು ನಿಮಗೆ ತಿಳಿಯುವುದಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಲಿತ ಅಕ್ಷರವೂ ದೋಣಿಯ ಕೆಲಸಕ್ಕೆ ಹೋಗುವಷ್ಟರಲ್ಲಿ ಮರೆತುಹೋಗಿತ್ತು. ಅಕ್ಕ ಏಳನೇ ಪಾಸು. ಅವಳು ಕುವೈತಿನಿಂದ ನಮ್ಮ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದು ಕಾಗದ ಹಾಕುತ್ತಿದ್ದಳು. ಓದುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ. ಪೋಸ್ಟ್‌ಮ್ಯಾನೇ ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು ಓದಿ ಹೇಳುವರು. ಬಹಳ ಒಳ್ಳೆಯ ಮನುಷ್ಯ, ಆದರೆ ಗಂಟಲು ದೊಡ್ಡದು. ಅವರಿಗೆ ಕೊಂಕಣಿ ಬಾರದು, ಅಕ್ಷರ ಕೂಡಿಸಿ ಓದುತ್ತಿದ್ದರು, ಅರ್ಥ ನಾವು ಮಾಡಿಕೊಳ್ಳಬೇಕು. ಹಾಗೆ ಓದುವಾಗ ಅಮ್ಮನ ಹೊಟ್ಟೆನೋವಿನ ಸಮಾಚಾರ, ನನಗೆ ಹೆಣ್ಣು ಸಿಗದ ಸಮಾಚಾರ ಎಲ್ಲ ಬೇಲಿಯಾಚೆ ಮೂರು ಮನೆಗೆ ಕೇಳುತ್ತಿತ್ತು. ಅರ್ಥವಾಗದವರು ಬಂದು ಕೇಳಿಯೂ ಹೋಗುತ್ತಿದ್ದರು.

ಇದು ಸಾಕೆನಿಸಿ, ಇಪ್ಪತ್ತಾರನೇ ವಯಸ್ಸಿಗೆ ನಾನು ಹೆಗಡೆ ಮಾಸ್ತರ ಹತ್ತಿರ ಅಕ್ಷರ ಕಲಿಯಲು ಹೋದೆ. ಅವರು ಅಕ್ಷರಕ್ಕೆ ನಿಲ್ಲಿಸದೆ ಎಸ್ಸೆಸ್ಸೆಲ್ಸಿ ತನಕ ನೂಕಿಕೊಂಡು ಹೋದರು. ಪರೀಕ್ಷೆ ಕುಮಟಾದಲ್ಲಿ. ನಾನು ಕೋಣೆಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತು ನಮಸ್ತೆ ಹೇಳಿದರು. ನಾನೂ ನಮಸ್ತೆ ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತೆ. ಪಾಸಾದ ಮೇಲೆ ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು.

ಅದಕ್ಕೂ ಎಷ್ಟೋ ಮೊದಲು, ಅಕ್ಷರ ಕೂಡಿಸಲು ಬಂದ ಹೊಸದರಲ್ಲಿ, ಅಕ್ಕನ ಕಾಗದದಲ್ಲಿ ನಾನೇ ಕೂತು, ಬೆರಳಿಟ್ಟು, ಯಾರ ಸಹಾಯವಿಲ್ಲದೆ ಓದಿದ ಮೊದಲನೆಯದು ಬೀಫಿನ ಕಾಗದ. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಗುರುವಾರ ರಾತ್ರಿ ಮಕ್ಕಳಿಗೆ ಚೈನೀಸ್ ಹೋಟೆಲಿನ ಪಾರ್ಸೆಲ್ ಬೀಫೇ ಆಗಬೇಕು ಎಂದು ಬರೆದಿದ್ದಳು. ಹೊರಗಿನದ್ದು ಬೇಡ ಅಂತ ಮೇಡಂ ಈಗ ಒಂದು ನಿಧಾನ ಬೇಯುವ ಕುಕ್ಕರ್ ತಂದಿದ್ದಾಳೆ, ಬೆಳಿಗ್ಗೆ ಹಾಕಿಟ್ಟರೆ ಸಂಜೆಗೆ ಪಾರ್ಸೆಲ್‌ನದೇ ರುಚಿ. ಕಪ್ಪು ಸಾಸು, ಬೆಲ್ಲದ ಬಣ್ಣದ ಸಕ್ಕರೆ, ಬೆಳ್ಳುಳ್ಳಿ, ಶುಂಠಿ, ಹಸಿರು ಹೂಕೋಸಿನಂಥ ಒಂದು ತರಕಾರಿ. ಮಾಂಸ ಬಾಯಲ್ಲಿಟ್ಟರೆ ಕರಗುತ್ತದೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ನಿಂತು ನಾನೂ ತಿನ್ನುತ್ತೇನೆ, ಬಹಳ ಚಂದ ಇರುತ್ತದೆ. ಇಷ್ಟೇ ಕಾಗದ. ಅಮ್ಮನಿಗೆ ಓದಿ ಹೇಳುವಾಗ "ನಿಂತು" ಎಂಬುದನ್ನು ನಾನು ನುಂಗಿದೆ. ನನ್ನ ಓದಿನ ಮೊದಲನೇ ದಿನವೇ ಒಂದು ಶಬ್ದ ಕದ್ದೆ. ಅದು ಹೊಟ್ಟೆಯಲ್ಲಿ ಹಾಗೇ ಉಳಿಯಿತು.

ಎರಡು ಸಾವಿರದ ಐದೋ ಆರೋ ಇಸವಿ, ಅಕ್ಕ ಇನ್ನು ಸಾಕೆಂದು ಬಂದಳು. ಅಷ್ಟರಲ್ಲಿ ಅಮ್ಮ ತೀರಿಕೊಂಡಾಗಿತ್ತು, ನನಗೆ ಮದುವೆಯಾಗಿತ್ತು. ನೀಲಿ ನೈಲಾನ್ ಹಗ್ಗ ಬಿಗಿದ ನಾಲ್ಕು ರಟ್ಟಿನ ಪೆಟ್ಟಿಗೆ ಬಂದವು. ಹಾಲಿನ ಪುಡಿ, ತಲೆನೋವಿನ ಎಣ್ಣೆ, ದಪ್ಪ ಹೊದಿಕೆ, ಮತ್ತು ಆ ಕುಕ್ಕರು. ಮೇಡಂ ಹೊಸದು ಕೊಂಡು ಹಳೆಯದನ್ನು ಅಕ್ಕನಿಗೆ ಕೊಟ್ಟಿದ್ದಳು. ಫಿಲೋಮಿನಾ ಅದನ್ನು ಹೊರಗಿನ ಕೋಣೆಯ ಶೋಕೇಸಿನಲ್ಲಿ ಇಟ್ಟು, ಮುಚ್ಚಳದ ಮೇಲೆ ಕ್ರೋಷಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಗುಲಾಬಿ ಇಟ್ಟಳು. ಮನೆಗೆ ಬಂದ ಒಬ್ಬ ಮುದುಕಿ ಮೊದಲು ಅದಕ್ಕೆ ಕೈಮುಗಿದು ಆಮೇಲೆ ಶಿಲುಬೆಗೆ ಕೈಮುಗಿದಳು.

ಅಕ್ಕನನ್ನೂ ನಾವು ಹೀಗೇ ಇಟ್ಟೆವು ಎಂದು ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಹದಿನಾಲ್ಕು ವರ್ಷ ಬೇರೆಯವರ ಮನೆಯಲ್ಲಿ ದುಡಿದು ಬಂದವಳು, ಇನ್ನು ಅವಳು ಒಂದು ಕಡ್ಡಿ ಎತ್ತಬಾರದೆಂದು ನಾನೂ ಫಿಲೋಮಿನಾಳೂ ಮಾತಾಡಿಕೊಂಡಿದ್ದೆವು. ಅಕ್ಕ ಕಸಬರಿಗೆ ಹಿಡಿದರೆ ಫಿಲೋಮಿನಾ ಓಡಿಬಂದು ಕಸಿದುಕೊಳ್ಳುವಳು. "ಅಕ್ಕ, ನೀವು ಕೂತ್ಕಳಿ." ಬಾವಿಯ ಹತ್ತಿರ ಹೋದರೆ ನಾನು ಕೊಡಪಾನ ಕಸಿದುಕೊಳ್ಳುವೆ. "ಅಕ್ಕ, ನೀನು ಕೂತ್ಕ." ಅವಳಿಗಾಗಿ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ತಂದಿದ್ದೆ. ಅದರಲ್ಲಿ ಅಕ್ಕ ಕೈ ಮೇಲೆ ಕೈ ಇಟ್ಟುಕೊಂಡು ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತವಳ ಹಾಗೆ ಕೂತಿರುವಳು. ಎರಡನೇ ತಿಂಗಳಿಗೆ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚತೊಡಗಿದಳು. ಆರಾಮಾಗಿದ್ದಾಳೆ ಎಂದುಕೊಂಡೆವು.

ಒಂದು ಗುರುವಾರ ಸಂಜೆ ಮೂಲೆಯ ಎಸ್‌ಟಿಡಿ ಬೂತಿನವನು ಕೂಗಿ ಕರೆದ. ಕುವೈತಿನ ಮೇಡಂ ಫೋನ್ ಮಾಡಿದ್ದಳು. ಹೊಸದಾಗಿ ಬಂದ ಅಡುಗೆಯವಳು ಸರಿಯಿಲ್ಲ, ಮಕ್ಕಳು ಕಾರ್ಮಿನ್ ಕಾರ್ಮಿನ್ ಅನ್ನುತ್ತಾರೆ, ಇನ್ನೆರಡು ವರ್ಷಕ್ಕೆ ಬಾ, ವೀಸಾ ಕಳಿಸುತ್ತೇನೆ, ಭಾನುವಾರ ಸಂಜೆಯೊಳಗೆ ಹೇಳು ಎಂದಳಂತೆ. ಬೂತಿನಿಂದ ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ.

"ನೀನು ಎಂತ ಹೇಳ್ದೆ?"

"ಹೇಳ್ಲಿಲ್ಲ ಇನ್ನೂ. ಆದ್ರೆ ಹೋತೆ ಅನ್ಸ್ತದೆ, ಬಸ್ತು."

"ಯಾಕೆ? ಇಲ್ಲಿ ನಿಂಗೆ ಎಂತ ಕಡಿಮೆ ಆತು?"

"ಕಡಿಮೆ ಎಂತದೂ ಇಲ್ಲ ಮಾರಾಯ" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ನಂಗೆ ಇಲ್ಲಿ ಎಂತ ಅದೆ?" ಎಂದಳು.

ಆ ರಾತ್ರಿ ಫಿಲೋಮಿನಾಳಿಗೂ ನನಗೂ ಊಟ ಸೇರಲಿಲ್ಲ. ನಾವು ತೋರಿಸಿದ ಪ್ರೀತಿ ಸಾಲಲಿಲ್ಲವೆಂದು ಅವಳು, ಅಕ್ಕನಿಗೆ ನಮ್ಮ ಗಂಜಿ ಮೀನು ಹಿಡಿಸುತ್ತಿಲ್ಲವೆಂದು ನಾನು. ಕೊನೆಗೆ ನನಗೆ ಆ ಕಾಗದ ನೆನಪಾಯಿತು. ಭಾನುವಾರ ಮಧ್ಯಾಹ್ನ ಅಕ್ಕನನ್ನು ಮೇಜಿನ ಮುಂದೆ ಕೂರಿಸಿ, ಎಲ್ಲರಿಗಿಂತ ಮೊದಲು ಅವಳಿಗೆ ಆ ಪಾರ್ಸೆಲ್ ಬೀಫನ್ನು ಬಿಸಿಬಿಸಿಯಾಗಿ ಬಡಿಸಬೇಕು. ತಿಂದಮೇಲೆ ಕುವೈತಿಗೆ ಯಾರು ಹೋಗುತ್ತಾರೆ? ಹೀಗೆ ಲೆಕ್ಕ ಹಾಕಿದೆ. ನನಗೆ ಗಣಿತದಲ್ಲಿ ಮೂವತ್ತೈದೇ ಬಂದದ್ದು.

ಎಂಟು ತಾಸು ಬೇಯಬೇಕಾದರೆ ಎಂಟು ತಾಸು ಕರೆಂಟು ಬೇಕು. ಶರಾವತಿ ಸಮುದ್ರ ಸೇರುವುದು ನಮ್ಮೂರಲ್ಲಿ. ಮೇಲೆ ಅವಳ ನೀರಿನಿಂದ ಹುಟ್ಟಿದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ, ನಮ್ಮ ಗಲ್ಲಿಗೆ ಮಾತ್ರ ನೆಂಟರ ಹಾಗೆ ಬಂದು ಹೋಗಿ ಮಾಡುತ್ತದೆ. ಶುಕ್ರವಾರ ಲೈನ್‌ಮನ್ ನಾಯ್ಕರ ಮನೆಗೆ ಹೋದೆ. ಅವರು ನಮ್ಮ ಕಡೆಯ ಕಂಬಗಳನ್ನು ಇಪ್ಪತ್ತು ವರ್ಷದಿಂದ ಹತ್ತಿ ಇಳಿದವರು.

"ನಾಯ್ಕರೇ, ಭಾನುವಾರ ಬೆಳಿಗ್ಗೆ ಐದರಿಂದ ಒಂದರ ತನಕ ಕರೆಂಟು ಹೋಗ್ಬಾರ್ದು."

"ಅದು ನನ್ನ ಕಿಸೆಲಿ ಅದ್ಯನಾ? ಎಂತ ವಿಶೇಷ?"

"ಅಕ್ಕನ ಸಲುವಾಗಿ ಒಂದು ಊಟ. ನೀವೂ ಬನ್ನಿ."

ನಮ್ಮಲ್ಲಿ ಊಟದ ವಿಷಯ ಬಾಯಿಂದ ಬಿದ್ದ ಮೇಲೆ "ನೀವೂ ಬನ್ನಿ" ಎನ್ನದಿದ್ದರೆ ಅದು ಬೈದ ಹಾಗೆ. ಕೇಳಿದವರು "ಅಡ್ಡಿಲ್ಲ, ಬತ್ತೆ" ಎನ್ನಬೇಕು. ಅವರೂ ಹಾಗೇ ಅಂದರು. ನಾಯ್ಕರು ಮೀನು, ಕೋಳಿ ತಿನ್ನುವವರು, ಬೀಫು ಮುಟ್ಟದವರು ಎಂಬುದು ನನಗೆ ಹೊಳೆಯಲೇ ಇಲ್ಲ. ಹೊರಡುವಾಗ ಅವರು ನನ್ನ ಪೂರ್ತಿ ಹೆಸರು ಹಿಡಿದು, "ಬಸ್ತ್ಯಾಂವ, ನಿನ್ನ ಬೇಲಿ ಬದಿ ತೆಂಗಿನಮರದ ಹೆಡೆ ಒಂದು ಒಣಗಿ ತಂತಿ ಮೇಲೆ ಬಗ್ಗಿ ನಿಂತದೆ. ತೆಗ್ಸು ಅದ್ನ" ಎಂದರು. ಹೆಡೆ ಎಂದರೆ ಗರಿ. "ಆತು" ಎಂದೆ.

ಶನಿವಾರ ಶಾಲೆ ಬಿಟ್ಟವನೇ ಭಟ್ಕಳಕ್ಕೆ ಹೋದೆ. ಅಲ್ಲಿ ಇಕ್ಬಾಲ್ ಸಾಹೇಬರ ಫಾರಿನ್ ಸಾಮಾನಿನ ಅಂಗಡಿ ಇದೆ. ದೋಣಿಯ ಕೆಲಸ ಮಾಡುವಾಗ ತೆಂಗಿನಗುಂಡಿ ಬಂದರಿನಲ್ಲಿ ಇಳಿದರೆ ಅವರ ಅಂಗಡಿಗೆ ಹೋಗಿ ಸೆಂಟಿನ ಬಾಟಲಿ ನೋಡಿ ಬರುವುದು ನನ್ನ ಅಭ್ಯಾಸವಾಗಿತ್ತು. ಕಪ್ಪು ಸಾಸು ಅವರಲ್ಲಿ ಸಿಕ್ಕಿತು. ಸ್ಲೋ ಕುಕ್ಕರ್ ಎಂದ ಕೂಡಲೇ ಅವರ ಮುಖ ಅರಳಿತು.

"ನಮ್ಮ ಮನೇಲೂ ಇದೆ. ರಂಜಾನ್‌ಗೆ ಹಲೀಮ್ ಅದರಲ್ಲೇ. ಒಂದು ಮಾತು ಕೇಳು ಭಾಯ್, ಮುಚ್ಚಳ ತೆಗೀಬಾರದು. ಒಂದು ಸಲ ತೆಗೆದರೆ ಅರ್ಧ ಗಂಟೆ ಹೋಯ್ತು ಅಂತ ತಿಳ್ಕೋ."

"ಉಪ್ಪು ನೋಡುವುದು ಬೇಡ್ವಾ?"

"ಬೇಡ."

"ತಳ ಹಿಡಿದದೆಯಾ ಅಂತ?"

"ಹಿಡಿಯೋದಿಲ್ಲ. ಅದನ್ನ ಅದರ ಪಾಡಿಗೆ ಬಿಡು. ನಮ್ಮವರಿಗೆ ಅದೊಂದೇ ಆಗೋದಿಲ್ಲ ನೋಡು, ಅದರ ಪಾಡಿಗೆ ಬಿಡೋದು" ಎಂದು ಅವರು ಮಾಂಸದ ಅಂಗಡಿಗೆ ತಾವೇ ಜೊತೆಗೆ ಬಂದು, ಕೊಬ್ಬಿಲ್ಲದ ತುಂಡು ಆರಿಸಿ, ಬೆರಳುದ್ದ ಹೆಚ್ಚಿಸಿ ಕೊಟ್ಟರು. ಎರಡು ಕೆ.ಜಿ. ಅಕ್ಕ ಬರೆದಿದ್ದ ಹಸಿರು ಹೂಕೋಸಿನಂಥದ್ದು ಎಲ್ಲೂ ಸಿಗಲಿಲ್ಲ. ಅದರ ಬದಲು ಡೊಣ್ಣೆಮೆಣಸು ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಭಟ್ಕಳದ ಮಲ್ಲಿಗೆ ನೋಡಿ ಅಕ್ಕನಿಗೆಂದು ಎರಡು ಮೊಳ ಕೊಂಡು, ಬಾಳೆಎಲೆಯಲ್ಲಿ ಕಟ್ಟಿಸಿ, ಚೀಲದಲ್ಲಿ ಮಾಂಸದ ಮೇಲೆ ಇಟ್ಟೆ.

ಕುಮಟಾ ಬಸ್ಸು ತುಂಬಿ ತುಳುಕುತ್ತಿತ್ತು. ನಾನು ಸರಳು ಹಿಡಿದು ನೇತಾಡುತ್ತಿರುವಾಗ ಕೆಳಗಿನಿಂದ ಒಂದು ಕೈ ನನ್ನ ಚೀಲ ಎಳೆಯಿತು. ನೋಡಿದರೆ ಹೆಗಡೆ ಮಾಸ್ತರು. ಹಳದೀಪುರದ ಮನೆಗೆ ಹೊರಟವರು, ಬಿಳಿ ಪಂಚೆ ಉಟ್ಟು ಕೂತಿದ್ದರು.

"ಕೊಡು ಇತ್ಲಾಗೆ. ನಿಂತ್ಕಂಡು ಎಷ್ಟೊತ್ತು ಹಿಡ್ಕತ್ತೆ?"

"ಬೇಡ ಸರ್, ಭಾರ ಅದೆ."

"ಕೊಡು ಅಂದೆ."

ಕೂತವರು ನಿಂತವರ ಚೀಲ ಇಟ್ಟುಕೊಳ್ಳುವುದು ನಮ್ಮ ಬಸ್ಸುಗಳ ರೀತಿ. ಕೊಡದಿದ್ದರೆ ಅಪನಂಬಿಕೆ. ನನ್ನ ಕೈ ಹಿಡಿದು ಅ ಆ ಇ ಈ ತಿದ್ದಿಸಿದ, ಈರುಳ್ಳಿಯನ್ನೂ ಮುಟ್ಟದ ಮಾಸ್ತರ ತೊಡೆಯ ಮೇಲೆ ಎರಡು ಕೆ.ಜಿ. ಬೀಫು ಮುರ್ಡೇಶ್ವರದ ತಿರುವು ದಾಟಿತು, ಮಂಕಿ ದಾಟಿತು, ಶರಾವತಿ ಸೇತುವೆಗೆ ಬಂತು. ನನ್ನ ಬೆವರು ಸರಳಿನಿಂದ ಇಳಿಯುತ್ತಿತ್ತು. ಅವರು ಮಧ್ಯೆ ಒಮ್ಮೆ, "ಮಲ್ಲಿಗೆ ಘಮಘಮ ಅಂತದೆ" ಎಂದರು. ಇನ್ನೊಮ್ಮೆ, "ಹೂವು ಇಷ್ಟು ಭಾರ ಇರ್ತದೆ ಅಂತ ಗೊತ್ತಿರ್ಲಿಲ್ಲ" ಎಂದರು. ನಾನು ಕಿಟಕಿಯಾಚೆ ನೋಡಿದೆ. ಹೊನ್ನಾವರದಲ್ಲಿ ಇಳಿಯುವಾಗ ಚೀಲ ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದರು.

"ಇಕ್ಬಾಲ್ ಸಾಹೇಬ್ರ ಜೊತೆ ನೀನು ಎಲ್ಲಿ ನಿಂತಿದ್ದೆ ಅಂತ ರಸ್ತೆಯಿಂದ ಕಂಡಿದ್ದೆ ನಾನು. ಪಂಚೆ ಒದ್ದೆ ಆಗ್ಲಿಲ್ಲ, ಅಷ್ಟು ಸಾಕು. ಅಕ್ಕನ್ನ ಕೇಳ್ದೆ ಅಂತ ಹೇಳು."

ಹಾಗಾದರೆ ಚೀಲ ಯಾಕೆ ಇಸಕೊಂಡಿರಿ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದೆ. ಕುಕ್ಕರಿನ ಪುಸ್ತಕ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿತ್ತು. ಇಂಗ್ಲಿಷಿನ ಕಡೆಯಿಂದ ಬೆರಳಿಟ್ಟು ಓದಿ, ಮಾಂಸ, ಸಾಸು, ಜಜ್ಜಿದ ಬೆಳ್ಳುಳ್ಳಿ ಶುಂಠಿ, ಸಕ್ಕರೆಯ ಬದಲು ಜೋನಿಬೆಲ್ಲ ಹಾಕಿ ಸ್ವಿಚ್ ಒತ್ತಿದೆ. ಸಣ್ಣ ಕೆಂಪು ದೀಪ ಹತ್ತಿತು. ಮುಚ್ಚಳದ ಮೇಲೆ "ತೆಗೆಯಬಾರದು" ಎಂದು ಚೀಟಿ ಬರೆದು ಅಂಟಿಸಿದೆ. ಸದ್ದಿಲ್ಲ, ಹೊಗೆಯಿಲ್ಲ, ವಾಸನೆಯೂ ಇಲ್ಲ. ಅಡುಗೆ ನಡೆದಿದೆ ಎಂಬುದಕ್ಕೆ ಸಾಕ್ಷಿಯೇ ಇಲ್ಲ. ಇಂಥದ್ದನ್ನು ನಮ್ಮಂಥವರು ಹೇಗೆ ನಂಬುವುದು? ಇಗರ್ಜಿಗೆ ಹೊರಡುವ ಮೊದಲು ಫಿಲೋಮಿನಾ ಒಮ್ಮೆ ತೆಗೆದು ನೋಡಿದಳು. ಪಕ್ಕದ ಮನೆಯ ಹೆಂಗಸು ಮೊಸರಿಗೆಂದು ಬಂದವಳು ಚೀಟಿ ಓದಿ, ಯಾಕೆ ತೆಗೆಯಬಾರದು ಎಂದು ತೆಗೆದು ನೋಡಿದಳು. ಅವರಿಬ್ಬರನ್ನೂ ಗದರಿದ ನಾನು ಯಾರೂ ಇಲ್ಲದಾಗ ನಾಲ್ಕು ಸಲ ತೆಗೆದೆ. ಇಕ್ಬಾಲ್ ಸಾಹೇಬರ ಲೆಕ್ಕದಲ್ಲಿ ಮೂರು ತಾಸು ಹಾಗೇ ಹೋಯಿತು.

ಅಕ್ಕ ಜಗಲಿಯ ಕುರ್ಚಿಯಲ್ಲಿ ಮಲ್ಲಿಗೆ ಮುಡಿದು ಕೂತಿದ್ದಳು. ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದಳು. ಎರಡು ಸಲವೂ ನಾವಿಬ್ಬರೂ ಒಂದೇ ದನಿಯಲ್ಲಿ "ಕೂತ್ಕಳಿ" ಎಂದು ಕಳಿಸಿದೆವು.

ಇನ್ನೇನು ಹತ್ತು ಗಂಟೆ ಆಗಬೇಕು ಎನ್ನುವಾಗ ಹೊರಗೆ ದೊಪ್ಪೆಂದು ಒಂದು ಸದ್ದು, ಚಟಾರ್ ಎಂದು ಇನ್ನೊಂದು. ಕೆಂಪು ದೀಪ ಆರಿತು. ಓಡಿಹೋಗಿ ನೋಡಿದರೆ ನಮ್ಮದೇ ತೆಂಗಿನಮರದ ಒಣಗಿದ ಹೆಡೆ ತಂತಿಯನ್ನು ಎಳೆದುಕೊಂಡು ಬೇಲಿಯ ಮೇಲೆ ಮಲಗಿತ್ತು.

ನಾಯ್ಕರು ಏಣಿ ಹೊರಿಸಿಕೊಂಡು ಬಂದಾಗ ಹನ್ನೊಂದೂವರೆ. ಹೆಡೆಯನ್ನು ನೋಡಿದರು, ಮರವನ್ನು ನೋಡಿದರು.

"ಯಾರದಾ ಮರ?"

"ನಮ್ದೇ."

"ಶುಕ್ರವಾರ ನಾನು ಎಂತ ಹೇಳಿದ್ದೆ?"

"ತೆಗ್ಸು ಅಂದಿದ್ರಿ."

"ನೀನು ಎಂತ ಅಂದೆ?"

"ಆತು ಅಂದಿದ್ದೆ."

"ಎಸ್ಸೆಸ್ಸೆಲ್ಸಿ ಪಾಸಾದವ ನೀನು" ಎಂದು ಅವರು ಕಂಬ ಹತ್ತಿದರು. ಮೇಲಿನಿಂದಲೇ, "ಇವತ್ತು ಸಂಜೆ ತನಕ ಕರೆಂಟಿನ ಮಾತು ಬೇಡ. ತಂತಿ ಬೇರೆ ಬರ್ಬೇಕು. ಊಟಕ್ಕೆ ಹೇಳಿದ್ಯಲ, ಹೇಗೂ ಇಲ್ಲೇ ಇದ್ದೆ, ಮುಗ್ಸಿಯೇ ಹೋತೆ. ಎಂತ ಅಡುಗೆ?" ಎಂದು ಕೇಳಿದರು.

ಅವರು ಬೀಫು ಮುಟ್ಟದವರು ಎಂಬುದು ನನಗೆ ಹೊಳೆದದ್ದು ಆಗ. ಒಳಗೆ ಹೋಗಿ ಒಂದು ತುಂಡು ಕಚ್ಚಿ ನೋಡಿದೆ. ಹಳೆಯ ಚಪ್ಪಲಿಯ ಬಾರಿಗೆ ಬೆಲ್ಲ ಸವರಿದ ಹಾಗಿತ್ತು. ಬಡಿಸಬೇಕಾದವಳಿಗೆ ಬಡಿಸುವ ಹಾಗಿಲ್ಲ, ಕರೆದ ಅತಿಥಿ ಅದನ್ನು ಮುಟ್ಟುವ ಹಾಗಿಲ್ಲ, ಸಂಜೆ ಬೂತಿನಲ್ಲಿ ಅಕ್ಕ ಹೂಂ ಎನ್ನುವುದು ಖಂಡಿತ. ಫಿಲೋಮಿನಾ ಅಲ್ಲೇ ಮಣೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಅಕ್ಕ ಬಂದಳು. ಚೀಟಿ ಅಂಟಿಸಿದ ಮುಚ್ಚಳ ತೆಗೆದಳು, ಒಂದು ತುಂಡು ಬೆರಳಲ್ಲಿ ಒತ್ತಿದಳು, ಮ್ಯಾಕ್ಸಿಯ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಫಿಲ್ಲು, ಏಳು. ಸೀಟಿ ಕುಕ್ಕರ್ ಎಲ್ಲದೆ?"

"ಅಕ್ಕ, ನೀವು ಕೂತ್ಕ..."

"ಇನ್ನೊಂದು ಸಲ ಕೂತ್ಕ ಅಂದ್ರೆ ಈ ಸವುಟಲ್ಲಿ ಬೀಳ್ತದೆ ನೋಡು. ಬಸ್ತು, ಬಂಗಡೆ ಮಾರುವವಳು ರಸ್ತೆಲಿ ಕೂಗ್ತಾ ಅವಳೆ, ಓಡು. ಕಣ್ಣು ಕೆಂಪಾದದ್ದು ತರ್ಬೇಡ."

ನಾನು ಓಡಿದೆ. ವಾಪಸು ಬರುವಾಗ ಮಾಂಸ ಗ್ಯಾಸಿನ ಮೇಲೆ ಸೀಟಿ ಹೊಡೆಯುತ್ತಿತ್ತು. ಕರೆಂಟಿಲ್ಲದೆ ಮಿಕ್ಸಿ ನಡೆಯದು, ಒರಳನ್ನು ನಾವು ಉಪಯೋಗಿಸಿ ವರ್ಷಗಳಾಗಿದ್ದವು, ಅದರ ಗುಂಡುಕಲ್ಲು ಹಿತ್ತಿಲ ಬಾಗಿಲು ಬಡಿಯದಂತೆ ಒತ್ತಿ ಇಡುವ ಕಲ್ಲಾಗಿತ್ತು. ಅಕ್ಕ ಅದನ್ನು ಕಾಲಿನಿಂದ ಉರುಳಿಸಿ ತಂದು, ತೊಳೆದು, ತೆಂಗಿನಕಾಯಿ, ಮೆಣಸು, ಹುಣಸೆ ರುಬ್ಬಲು ಕೂತಳು. ರುಬ್ಬುತ್ತ ರುಬ್ಬುತ್ತ ಬೈಗುಳ.

"ಇದೆಂತ ಈರುಳ್ಳಿ ಹೆಚ್ಚಿದ್ದಾ, ಸೌದೆ ಒಡೆದದ್ದಾ? ಉಪ್ಪಿನ ಡಬ್ಬಿ ಮೇಲಿಟ್ಟವರು ಯಾರು, ಜಿರಾಫೆ ಸಾಕಿದ್ರಾ ಮನೇಲಿ? ಅಮ್ಮನ ಮಣ್ಣಿನ ಗಡಿಗೆ ಎಲ್ಲೋಯ್ತು? ಎರಡು ತಿಂಗಳಿಂದ ಹೇಳ್ಬೇಕು ಅಂತಿದ್ದೆ, ನಿಮ್ಮ ಮೀನಿನ ಸಾರಿಗೆ ಹುಳಿಯೇ ಇರೂದಿಲ್ಲ."

ಎರಡು ತಿಂಗಳಲ್ಲಿ ಅವಳ ಗಂಟಲು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಬೈಸಿಕೊಂಡು ಅಡುಗೆಮನೆ ತುಂಬ ಓಡಾಡುತ್ತಿದ್ದ ಫಿಲೋಮಿನಾಳ ಮುಖದಲ್ಲಿ ಒಂದು ಥರದ ಗೆಲವು ಬಂದಿತ್ತು. ಅಕ್ಕನ ಹಣೆಯಿಂದ ಬೆವರು ಇಳಿದು ಮಲ್ಲಿಗೆ ಜಾರಿ ಕಿವಿಯ ಮೇಲೆ ನೇತಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಮಂಜು ಸರಿದ ಹಾಗೆ ತಿಳಿಯಿತು. "ನಂಗೆ ಇಲ್ಲಿ ಎಂತ ಅದೆ" ಎಂದು ಅವಳು ಕೇಳಿದ್ದಕ್ಕೆ ನಾವು ಕೊಟ್ಟ ಉತ್ತರ ಒಂದು ಕುರ್ಚಿ.

ಎರಡು ಗಂಟೆಗೆ ಊಟ. ನಾಯ್ಕರಿಗೆ ಬೇರೆ ಬದಿಯಲ್ಲಿ ಬಂಗಡೆ ಸಾರು, ಹುರಿದ ಬಂಗಡೆ. ನಮಗೆ ಬೀಫು. ಅದು ಈಗ ಪಾರ್ಸೆಲಿನದ್ದೂ ಅಲ್ಲ, ಅಮ್ಮನದ್ದೂ ಅಲ್ಲ. ಕಪ್ಪು ಸಾಸಿನ ಮೇಲೆ ಅಕ್ಕ ಕಾಳುಮೆಣಸು, ಕೊತ್ತಂಬರಿ, ವಿನೆಗರ್ ಹಾಕಿ, ಡೊಣ್ಣೆಮೆಣಸನ್ನು ಬಾಡಿಸಿ ಸೇರಿಸಿದ್ದಳು. ಬಡಿಸಿದ ಮೇಲೆ ಅವಳು ತಟ್ಟೆ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

"ಅಕ್ಕ, ಇಲ್ಲಿ ಬಂದು ಕೂತು ತಿನ್ನು. ಇವತ್ತಿಂದು ನಿಂಗಾಗಿಯೇ ಮಾಡಿದ್ದು. ನೀನು ಕಾಗದದಲ್ಲಿ ಬರ್ದಿದ್ದೆ, ಚಂದ ಇರ್ತದೆ ಅಂತ" ಎಂದೆ.

ಅವಳು ಬಂದು ಕೂತಳು. ಒಂದು ತುತ್ತು ತಿಂದಳು.

"ನಂಗೆ ಅದು ಒಂದು ದಿನವೂ ಸೇರ್ಲಿಲ್ಲ, ಬಸ್ತು. ಬರೀ ಸಿಹಿ. ಮಾಂಸಕ್ಕೆ ಯಾರಾದ್ರೂ ಬೆಲ್ಲ ಹಾಕ್ತಾರನಾ?"

"ಮತ್ತೆ ಯಾಕೆ ಬರ್ದೆ?"

"ಕಾಗದದಲ್ಲಿ ಎಂತಾದ್ರೂ ಬರಿಬೇಕಲ್ಲ. ಉಳ್ದದ್ದೆಲ್ಲ ಬರೆದ್ರೆ ಅಮ್ಮ ಅಳ್ತಿದ್ಲು."

ನಾಯ್ಕರು ಬಂಗಡೆಯ ಮುಳ್ಳು ತೆಗೆಯುತ್ತಿದ್ದರು. ಅವರಿಗೆ ನಮ್ಮ ಮನೆಯ ಒಳಗಿನದು ಏನೂ ಗೊತ್ತಿರಲಿಲ್ಲ. ಸಾರಿಗೆ ಎರಡನೇ ಸಲ ಅನ್ನ ಕಲಸುತ್ತ ಸಹಜವಾಗಿ ಕೇಳಿಬಿಟ್ಟರು.

"ಕಾರ್ಮಿನ್ ಬಾಯಿ, ಇಂಥಾ ಸಾರು ತಿನ್ನದೆ ವರ್ಷಾತು. ಮತ್ತೆ ಯಾವಾಗ ಹೋಗೂದು ಕುವೈತಿಗೆ?"

ಫಿಲೋಮಿನಾಳ ಸವುಟು ಗಾಳಿಯಲ್ಲೇ ನಿಂತಿತು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು, ಅದನ್ನು ತಡೆದಿದ್ದರೆ ಇವತ್ತಿಗೂ ತಡೆದೇ ಇರುತ್ತಿದ್ದೆ.

"ಅಕ್ಕ, ಫಿಲ್ಲುಗೆ ಮೀನಿನ ಸಾರು ಬರೂದಿಲ್ಲ. ನಂಗೆ ಮರದ ಹೆಡೆ ತೆಗ್ಸೂಕೂ ಬರೂದಿಲ್ಲ. ನಮ್ಗೆ ನೀನು ಕೆಲ್ಸಕ್ಕೆ ಬೇಕು."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಹದಿನಾಲ್ಕು ವರ್ಷ ದುಡಿದ ಅಕ್ಕನಿಗೆ ತಮ್ಮ ಹೇಳುವ ಮಾತೇ ಇದು? ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಫಿಲೋಮಿನಾಳ ಕಡೆ ತಿರುಗಿ, "ನಾಯ್ಕರಿಗೆ ಸಾರು ಹಾಕು, ಬಾಯಿ ತೆರ್ಕಂಡು ನಿಲ್ಬೇಡ" ಎಂದಳು. ನಾಯ್ಕರು ತಾವು ಕೇಳಿದ್ದನ್ನು ಮರೆತು ಇನ್ನೊಂದು ಬಂಗಡೆ ಹಾಕಿಸಿಕೊಂಡರು.

ಸಂಜೆ ಆರಕ್ಕೆ ಇಬ್ಬರೂ ಬೂತಿಗೆ ಹೋದೆವು. ಅಕ್ಕ ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ನಾನು ಹೊರಗೆ ಬೆಂಚಿನಲ್ಲಿ ಕೂತೆ. ಅವಳು ಅರಬ್ಬಿಯಲ್ಲಿ ಮಾತಾಡುತ್ತಿದ್ದಳು. ಒಂದು ಅಕ್ಷರ ತಿಳಿಯದು. ಪೋಸ್ಟ್‌ಮ್ಯಾನ್ ಓದುವುದನ್ನು ಕೇಳುತ್ತ ಜಗಲಿಯಲ್ಲಿ ಕೂತ ಹಳೆಯ ಬಸ್ತು ನಾನಾಗಿದ್ದೆ, ಈಗ ದನಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವಳು ಒಮ್ಮೆ ನಕ್ಕಳು. ಒಮ್ಮೆ ಕೈ ಎತ್ತಿ ಕಣ್ಣಿನ ಹತ್ತಿರ ಒಯ್ದಳು. ಮಕ್ಕಳ ಹೆಸರು ಒಂದೊಂದಾಗಿ ಕರೆದ ಹಾಗಾಯಿತು, ಬಹುಶಃ ಅವರೂ ಬಂದು ಮಾತಾಡಿದರು. ಕೊನೆಗೆ ಫೋನ್ ಇಟ್ಟು ಹೊರಬಂದು, ಮ್ಯಾಕ್ಸಿಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ನಡೆಯತೊಡಗಿದಳು. ನಾನು ಹಿಂದೆ ಹಿಂದೆ.

"ಮೇಡಂ ಎಂತ ಹೇಳಿದ್ಲು?"

"ಯಾಕೆ ಬರೂದಿಲ್ಲ ಅಂತ ಕೇಳಿದ್ಲು."

"ನೀನು?"

"ಮನೇಲಿ ಬಾಳ ಕೆಲ್ಸ ಅದೆ ಅಂದೆ" ಎಂದು ಅಕ್ಕ ಕಾಲು ಚುರುಕು ಮಾಡಿದಳು. ಕುಂಬಾರರ ಅಂಗಡಿ ಮುಚ್ಚುವುದರೊಳಗೆ ಅವಳಿಗೆ ಒಂದು ಮಣ್ಣಿನ ಗಡಿಗೆ ಆರಿಸಬೇಕಿತ್ತು.